ಸಾವಿರದ ಇನ್ನೂರು ತೂತು

ಕೆಂಗೇರಿ ಉಪನಗರದ ನಮ್ಮ ಮನೆಯ ಮುಂದೆ ಇಪ್ಪತ್ತು ಅಡಿಗೆ ಹದಿನೈದು ಅಡಿ ಹುಲ್ಲುಹಾಸು ಇದೆ. ಅದು ಹಳದಿಗಟ್ಟತೊಡಗಿದಾಗ ಮೂರು ವರ್ಷ ಹುಲ್ಲಿಗೇ ಆರೈಕೆ ಮಾಡಿದೆ. ಯೂರಿಯಾ ಎರಚಿದರೆ ಎರಡು ವಾರ ಹಸಿರು, ಆಮೇಲೆ ಅದೇ ಬಾಡಿದ ಮುಖ. ಸತ್ತ ಕಡೆ ಹೊಸ ಹುಲ್ಲಿನ ತುಂಡು ತಂದು ಹಚ್ಚಿದರೆ ಮುಂದಿನ ಬೇಸಿಗೆಗೆ ಅದೂ ಒಣಗುತ್ತಿತ್ತು. ಮಳೆ ಬಂದರೆ ಗೇಟಿನ ಪಕ್ಕ ಎರಡು ದಿನ ನೀರು ನಿಂತು ಪಾಚಿ ಕಟ್ಟುತ್ತಿತ್ತು. ವಾರ ಬಿಸಿಲು ಬಿದ್ದರೆ ಅಲ್ಲೇ ಗುದ್ದಲಿ ಠಣ್ಣೆನ್ನುತ್ತಿತ್ತು. ಸೊಂಪಾಗಿ ಬೆಳೆದದ್ದು ಜೇಕು ಎಂಬ ಕಳೆ ಒಂದೇ.

ಒಂದು ಮೇ ತಿಂಗಳಲ್ಲಿ, ಮಳೆ ಬಂದ ಮಾರನೆಯ ದಿನ, ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ನೆಲಕ್ಕೆ ಚುಚ್ಚಿ ನೋಡಿದೆ. ಎರಡು ಇಂಚು ಸಲೀಸಾಗಿ ಇಳಿದು ನಿಂತುಬಿಟ್ಟಿತು. ಹತ್ತು ಕಡೆ ಚುಚ್ಚಿದರೂ ಅಷ್ಟೇ. ಆಗ ಗುದ್ದಲಿಯಿಂದ ಒಂದು ಅಂಗೈಯಗಲದ ಹೆಂಟೆ ಎತ್ತಿ ಕಟ್ಟೆಯ ಮೇಲಿಟ್ಟು ಕೂತು ನೋಡಿದೆ. ಮೇಲೆ ಎರಡು ಇಂಚು ಕೆಂಪು ಮಣ್ಣು. ಅದರ ಕೆಳಗೆ ಗೆರೆ ಎಳೆದಂತೆ ಬೂದು ಪದರ: ಜೇಡಿ, ಸಿಮೆಂಟಿನ ಹೆಕ್ಕಳೆ, ಜಲ್ಲಿ, ನೀಲಿ ಟೈಲ್ಸಿನ ಒಂದು ಚೂರು. ಹುಲ್ಲಿನ ಬೇರು ಆ ಗೆರೆಯ ತನಕ ನೆಟ್ಟಗೆ ಇಳಿದು, ಅಲ್ಲಿಂದ ಪಕ್ಕಕ್ಕೆ ಹೊರಳಿ, ಚಾಪೆಯ ಹಾಗೆ ಹೆಣೆದುಕೊಂಡಿತ್ತು. ಅದನ್ನು ಕಂಡು ಬಹಳ ಸಂಕಟವಾಯಿತು. ಮನೆ ಕಟ್ಟುವಾಗ ಲಾರಿ ನಿಂತು, ಇಟ್ಟಿಗೆ ಪೇರಿಸಿ, ಕಾಂಕ್ರೀಟು ಕಲಸಿದ್ದು ಇದೇ ಜಾಗದಲ್ಲಿ. ದಿಮ್ಮಸು ಹೊಡೆದಂತಾದ ಆ ನೆಲದ ಮೇಲೆ ಗುತ್ತಿಗೆದಾರರು ಎರಡು ಇಂಚು ಮಣ್ಣು ಹರಡಿ ಹುಲ್ಲು ಹಾಸಿ ಹೋಗಿದ್ದರು.

ನನ್ನ ತವರು ಗದಗ ಜಿಲ್ಲೆಯ ಎರೆ ಸೀಮೆ, ಕಪ್ಪು ಮಣ್ಣಿನ ನಾಡು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ತನ್ನನ್ನು ತಾನೇ ಉತ್ತುಕೊಳ್ಳುವ ಮಣ್ಣು ಅದು. ಬೆಂಗಳೂರಿನ ಕೆಂಪು ಮಣ್ಣಿನಲ್ಲಿರುವುದು ಹೆಚ್ಚಾಗಿ ಕಯೊಲಿನೈಟ್ ಜೇಡಿ. ಅದು ಅಷ್ಟು ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಒಮ್ಮೆ ತುಳಿದು ಬಿಗಿದರೆ ತಾನಾಗಿ ಸಡಿಲವಾಗುವುದಿಲ್ಲ. ಒಳ್ಳೆಯ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಬರಿಯ ಸಂದು, ಗಾಳಿ ಮತ್ತು ನೀರು ಇರುವ ಜಾಗ. ಬಿಗಿದಾಗ ಮೊದಲು ಹೋಗುವುದು ದೊಡ್ಡ ಸಂದುಗಳು. ಅವಿಲ್ಲದೆ ಬೇರಿಗೆ ಉಸಿರಿಲ್ಲ.

ಮರಳು ಬೆರೆಸಿ ಎಂದು ಹೇಳಿದವರು ಬಹಳ ಮಂದಿ. ದಯವಿಟ್ಟು ಆ ಕೆಲಸ ಮಾಡಬೇಡಿ. ಜೇಡಿಗೆ ನಾಲ್ಕು ಬುಟ್ಟಿ ಮರಳು ಹಾಕಿದರೆ ಜೇಡಿಯ ಕಣಗಳು ಮರಳಿನ ಸಂದಿಯಲ್ಲೆಲ್ಲ ತುಂಬಿಕೊಂಡು ನೆಲ ಇನ್ನಷ್ಟು ಇಟ್ಟಿಗೆಯಾಗುತ್ತದೆ. ಮರಳಿನಿಂದ ಗುಣವಾಗಬೇಕಾದರೆ ಜೇಡಿಗಿಂತ ಮರಳೇ ಎಷ್ಟೋ ಪಾಲು ಹೆಚ್ಚಿರಬೇಕು. ಜಿಪ್ಸಮ್ಮಿನ ಸಲಹೆಯೂ ಬಂತು. ಅದು ಸೋಡಿಯಂ ಹೆಚ್ಚಾದ ಸವಳು ಮಣ್ಣಿನ ಔಷಧ. ನಮ್ಮದು ಲಾರಿಯ ಭಾರಕ್ಕೆ ಬಿಗಿದ ನೆಲ.

ನಾನು ಮಾಡಿದ್ದು ತೂತು ಕೊರೆಯುವ ಕೆಲಸ. ವೆಲ್ಡಿಂಗ್ ಅಂಗಡಿಯಲ್ಲಿ ಮುಕ್ಕಾಲು ಇಂಚಿನ ಜಿಐ ಪೈಪಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಕಾಲಿಟ್ಟು ಒತ್ತಲು ಅಡ್ಡಪಟ್ಟಿ, ಮಣ್ಣು ಹೊರಬರಲು ಪಕ್ಕದಲ್ಲಿ ಸೀಳು ಮಾಡಿಸಿದೆ. ಮೊಳೆ ಹೊಡೆದಂತೆ ಬರೀ ಚುಚ್ಚಿದರೆ ಸುತ್ತಲ ಮಣ್ಣು ಇನ್ನೂ ಒತ್ತಿಕೊಳ್ಳುತ್ತದೆ. ಮಣ್ಣಿನ ಬತ್ತಿಯೇ ಹೊರಗೆ ಬರಬೇಕು. ಅರ್ಧ ಅಡಿಗೊಂದು, ನಾಲ್ಕು ಇಂಚು ಆಳ. ಲೆಕ್ಕ ಹಾಕಿದರೆ 1,200 ತೂತು. ದಿನಕ್ಕೆ ನೂರರಂತೆ ಹನ್ನೆರಡು ಸಂಜೆ ಹಿಡಿಯಿತು. ಜಲ್ಲಿ ತಗುಲಿದ ಕಡೆ ಹಾರೆ ಹಾಕಬೇಕಾಯಿತು.

ಇದರಲ್ಲಿ ಹದವೇ ಮುಖ್ಯ. ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒತ್ತಬೇಕು. ಪುಡಿಯಾದರೆ ಕೆಲಸಕ್ಕೆ ಇಳಿಯಬಹುದು. ನುಣ್ಣಗೆ ಸವರಿಕೊಂಡರೆ ಎರಡು ದಿನ ಕಾಯಬೇಕು. ಕೆಸರಿನಲ್ಲಿ ಕೊರೆದರೆ ತೂತಿನ ಒಳಗೋಡೆಗೆ ಮಣ್ಣು ಮೆತ್ತಿ ಮಡಕೆಯಂತೆ ಹೊಳಪಾಗುತ್ತದೆ, ಬೇರು ಅದನ್ನು ದಾಟುವುದು ಕಷ್ಟ. ಮೊದಲ ದಿನ ಅವಸರಪಟ್ಟು ಮಾಡಿದ ಒಂದು ಸಾಲು ಹಾಗೇ ಆಯಿತು, ಅದನ್ನು ಮತ್ತೆ ಕೊರೆದೆ.

ಮೇಲೆ ಅರ್ಧ ಇಂಚು ಜರಡಿ ಹಿಡಿದ ಕಾಂಪೋಸ್ಟ್, ಸುಮಾರು ಮೂವತ್ತು ಬಾಣಲಿ. ತೆಂಗಿನ ಪೊರಕೆಯಿಂದ ತೂತುಗಳೊಳಗೆ ಗುಡಿಸಿದೆ. ಗೇಟಿನ ಪಕ್ಕದ ತುಂಡಿಗೆ ಇದು ಸಾಲಲಿಲ್ಲ. ಅಲ್ಲಿ ಒಂದಡಿ ಅಗೆದು ಕಟ್ಟಡದ ತ್ಯಾಜ್ಯವನ್ನೆಲ್ಲ ತೆಗೆಸಿ, ಮಣ್ಣಿಗೆ ಮೂರನೇ ಒಂದು ಪಾಲು ಗೊಬ್ಬರ ಬೆರೆಸಿ ತುಂಬಿಸಿದೆ. ಬೆಂಗಳೂರಿನಲ್ಲಿ ಸೆಪ್ಟೆಂಬರ್ ಅತಿ ಹೆಚ್ಚು ಮಳೆಯ ತಿಂಗಳು, ಆ ಹೊತ್ತಿಗೆ ಹುಲ್ಲು ಹಬ್ಬಲು ಸಿದ್ಧವಾಗಿರಲಿ ಎಂದು ಎಲ್ಲವನ್ನೂ ಜೂನ್ ಒಳಗೆ ಮುಗಿಸಿದೆ. ಆಗಸ್ಟಿನಲ್ಲಿ ಒಂದು ತೂತಿನ ಬಾಯಲ್ಲಿ ಎರೆಹುಳುವಿನ ಹಿಕ್ಕೆಯ ಸಣ್ಣ ಗುಡ್ಡೆ ಕಂಡಾಗ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಮುಂದಿನ ವರ್ಷವೂ ಕೊರೆದೆ, ಅದರ ಮುಂದಿನ ವರ್ಷವೂ. ಒಂದೇ ಸಲಕ್ಕೆ ಆಗುವ ಕೆಲಸವಲ್ಲ ಇದು. ಹುಲ್ಲನ್ನು ಎರಡು ಇಂಚಿಗಿಂತ ಕೆಳಗೆ ಕತ್ತರಿಸುವುದಿಲ್ಲ, ಕತ್ತರಿಸಿದ್ದು ಅಲ್ಲೇ ಉದುರಿ ಗೊಬ್ಬರವಾಗುತ್ತದೆ. ನಿತ್ಯ ಚಿಮುಕಿಸುವ ಬದಲು ಬೇಸಿಗೆಯಲ್ಲಿ ವಾರಕ್ಕೆರಡು ಬಾರಿ, ಬೆಳಗಿನ ಹೊತ್ತು, ನೆಲ ನಾಲ್ಕು ಇಂಚು ನೆನೆಯುವಂತೆ ನೀರು. ನಡುವೆ ತಾನಾಗಿ ಗರಿಕೆ ಹಬ್ಬಿತು; ಕೀಳಲು ಹೋದಾಗ ಅತ್ತೆಯವರು, “ಗಣಪತಿಗೆ ಬೇಕು, ಬಿಡಮ್ಮ” ಎಂದರು. ಬಿಟ್ಟೆ. ತುಳಿತವನ್ನು ಅದು ತಾಳುವಷ್ಟು ಬೇರೆ ಹುಲ್ಲು ತಾಳುವುದು ಕಡಿಮೆ.

ಮಾವಿನ ಮರದ ಬುಡದಲ್ಲಿ ಹುಲ್ಲು ಬರಲೇ ಇಲ್ಲ. ಅಲ್ಲಿಗೆ ಬಿಸಿಲು ಬೀಳುವುದಿಲ್ಲ, ಒಂದೆಲಗ ಹಾಕಿದ್ದೇನೆ. ಗೇಟಿನಿಂದ ಮೆಟ್ಟಿಲ ತನಕ ಎಲ್ಲರೂ ನಡೆಯುವ ದಾರಿಗೆ ಸಾದರಹಳ್ಳಿ ಕಲ್ಲಿನ ಏಳು ಚಪ್ಪಡಿ ಹಾಸಿಸಿದೆ. ಸ್ಕೂಟರ್ ಈಗ ಹೊರಗೆ ನಿಲ್ಲುತ್ತದೆ. ಕಳೆದ ಮಳೆಗಾಲದಲ್ಲಿ ಸ್ಕ್ರೂಡ್ರೈವರ್ ಚುಚ್ಚಿದಾಗ ಹಿಡಿಯ ತನಕ ಇಳಿಯಿತು, ಚಪ್ಪಡಿಯ ಎರಡೂ ಬದಿಯ ಒಂದು ಗೇಣು ಬಿಟ್ಟು. ಈ ಮೇ ತಿಂಗಳಲ್ಲಿ ಅಲ್ಲಿಂದಲೇ ಶುರು ಮಾಡಬೇಕು.