ಸಂದಿಗೆ ಕಪ್ಪು ಬಳಿಯಬೇಡಿ

ಶಾಲೆಗಳ ಗಣಿತ ಮೇಳಕ್ಕೆ ಹೋದರೆ ನಾನು ಮೊದಲು ನೋಡುವುದು ಮೀನಿನ ಚಾರ್ಟು. ಮೀನಿನ ಪಕ್ಕ ಮೀನು, ದೂರದಿಂದ ಭಾರೀ ಚಂದ. ಹತ್ತಿರ ಹೋದರೆ ನಡುವಿನ ಸಂದಿಗೆಲ್ಲ ಕಪ್ಪು ಸ್ಕೆಚ್ ಪೆನ್ ಬಳಿದಿರುತ್ತಾರೆ. ಸಂದಿ ಇದ್ದರೆ ಅದು ಟೆಸಲೇಷನ್ ಅಲ್ಲ ಮಾರಾಯ್ರೇ. ಆಕಾರಗಳು ಸಂದಿ ಬಿಡದೆ, ಒಂದರ ಮೇಲೊಂದು ಏರದೆ ಜಾಗ ತುಂಬಬೇಕು. ಮಕ್ಕಳನ್ನು ಬೈದು ಫಲವಿಲ್ಲ. ಕಲಿಸುವಾಗ ನಾವೇ ಒಂದು ಹಂತ ಹಾರಿಸಿರುತ್ತೇವೆ.

ಶುರು ಮಾಡಬೇಕಾದ್ದು ಮಡಚುವುದರಿಂದ. ಒಂದು ಆಯತದ ಕಾಗದ ಕೊಟ್ಟು, ಎಲ್ಲಿ ಮಡಚಿದರೆ ಎರಡು ಭಾಗ ಸರಿಯಾಗಿ ಒಂದರ ಮೇಲೊಂದು ಕೂರುತ್ತದೆ ಎಂದು ಕೇಳಿ. ಅರ್ಧ ಕ್ಲಾಸು ಮೂಲೆಯಿಂದ ಮೂಲೆಗೆ ಎನ್ನುತ್ತದೆ. ಸುಮ್ನೆ ಬಿಡಿ, ಮಡಚಲಿ. ಮೂಲೆಗಳು ಹೊರಗೆ ಚಾಚಿಕೊಂಡಾಗ ಅವರಿಗೇ ಗೊತ್ತಾಗುತ್ತದೆ. ಭಾಗಗಳು ಸಮ ಇದ್ದರೆ ಸಾಲದು, ಮಡಚಿದರೆ ಕೂರಬೇಕು.

ಆಮೇಲೆ ಹೂವು. ಅರಳಿದ ಕೇಪುಳಕ್ಕೆ ನಾಲ್ಕು ಎಸಳು, ಮಡಚುವ ಗೆರೆ ಸುಲಭವಾಗಿ ಸಿಗುತ್ತದೆ. ಒಂಟಿ ಸುತ್ತಿನ ದಾಸವಾಳ ಮೋಸ ಮಾಡುತ್ತದೆ. ಅದರ ಐದು ಎಸಳುಗಳಲ್ಲಿ ಪ್ರತಿಯೊಂದರ ಅಂಚು ಪಕ್ಕದ್ದರ ಮೇಲೆ ಒಂದೇ ದಿಕ್ಕಿಗೆ ಏರಿರುತ್ತದೆ. ಹಾಗಾಗಿ ಮಡಚುವ ಗೆರೆ ಇಲ್ಲ. ಆದರೆ ಐದನೇ ಒಂದು ಸುತ್ತು ತಿರುಗಿಸಿ, ಮತ್ತೆ ಅದೇ ಹೂವು. ಸಮಮಿತಿ ಅಂದರೆ ಬರೀ ಕನ್ನಡಿಯಲ್ಲ ಎಂದು ಹೇಳಲು ಇದಕ್ಕಿಂತ ಒಳ್ಳೆ ಸಾಮಾನು ಬೇರೆ ಬೇಡ. ನಮ್ಮ ಕಾಸರಗೋಡಿನ ಮಕ್ಕಳಿಗೆ ಎರಡು ಲಿಪಿ ಗೊತ್ತಲ್ವಾ, ಅದನ್ನೂ ಬಳಸಿ. ಮಲಯಾಳದ ಠ ಬರೀ ಒಂದು ವೃತ್ತ. ಕನ್ನಡದ ಠ ಮಡಚಹೋದರೆ ತಲೆಕಟ್ಟು ಅಡ್ಡ ಬರುತ್ತದೆ.

ಮುಂದೆ ಅಂಗಳಕ್ಕೆ ಕರೆದುಕೊಂಡು ಹೋಗಿ. ಇಂಟರ್‌ಲಾಕ್ ಹಾಸಿದ್ದರೆ ಅದೇ ಪಾಠ. ರಟ್ಟಿನಲ್ಲಿ ಸಮಬಾಹು ತ್ರಿಕೋನ, ಚೌಕ, ಸಮ ಆರುಮೂಲೆ ಕತ್ತರಿಸಿ ಕೊಟ್ಟರೆ ಮೂರೂ ಸಂದಿಯಿಲ್ಲದೆ ಕೂರುತ್ತವೆ. ಸಮ ಐದುಮೂಲೆ ಮಾತ್ರ ಕೂರುವುದಿಲ್ಲ. ಅದರ ಒಂದು ಮೂಲೆ 108 ಡಿಗ್ರಿ, ಮೂರು ಸೇರಿದರೆ 324. ಪೂರ್ತಿ ಸುತ್ತಿಗೆ 360 ಬೇಕು. 36 ಡಿಗ್ರಿಯ ಸಂದಿ ಉಳಿಯಿತು, ನಾಲ್ಕನೆಯದು ಅದರಲ್ಲಿ ಹಿಡಿಯುವುದಿಲ್ಲ. ಮೂರನೇ ಕ್ಲಾಸಿಗೆ ಡಿಗ್ರಿ ಬೇಡ, ಸಂದಿ ತೋರಿಸಿದರೆ ಸಾಕು.

ಇನ್ನು ಕೆಡುವ ಹಂತ, ಸಂದಿಯಿಲ್ಲದೆ ಕೂರುವ ಸ್ವಂತ ಆಕಾರದ ಅಚ್ಚು ಮಾಡುವುದು. ಹಳೆಯ ಮದುವೆ ಕಾಗದದ ರಟ್ಟಿನಲ್ಲಿ 6 ಸೆಂಟಿಮೀಟರಿನ ಚೌಕ ಮಾಡಿ. ಅಂಗಡಿಯ ಫೋಮ್ ಶೀಟ್ ಬೇಡವೇ ಬೇಡ, ಪೆನ್ಸಿಲ್ ಒತ್ತಿದಲ್ಲಿ ಅಂಚು ತಗ್ಗುತ್ತದೆ. ಚೌಕದ ಮೇಲ್ಮೈ ತುಂಬ ಮೇಲಕ್ಕೆ ಮುಖ ಮಾಡಿದ ಸಣ್ಣ ಬಾಣಗಳನ್ನು ಬರೆಸಿ. ಇದನ್ನು ಬಿಟ್ಟರೆ ಆಮೇಲೆ ನನ್ನನ್ನು ಬೈಯಬೇಡಿ.

ಈಗ ಮೇಲಿನ ಬದಿಯ ಎಡ ಮೂಲೆಯಿಂದ ಹೊರಟು, ಅಂಕುಡೊಂಕಾಗಿ ಹೋಗಿ, ಅದೇ ಬದಿಯ ಬಲ ಮೂಲೆಗೆ ಮುಟ್ಟುವ ಗೆರೆ. ಚೌಕದ ನಡುವಿಗಿಂತ ಕೆಳಗೆ ಇಳಿಯಬಾರದು, ಎಡಬಲದ ಬದಿಗಳನ್ನು ಮುಟ್ಟಬಾರದು. ಒಂದೇ ತುಂಡಾಗಿ ಕತ್ತರಿಸಿ. ಆ ತುಂಡನ್ನು ಹಾಗೆಯೇ ನೇರ ಕೆಳಕ್ಕೆ ಜಾರಿಸಿ, ಅದರ ನೇರ ಅಂಚನ್ನು ಚೌಕದ ಕೆಳ ಅಂಚಿಗೆ ತಾಗಿಸಿ. ಮಕ್ಕಳ ಕೈ ಇಲ್ಲೇ ತಪ್ಪುವುದು. ತುಂಡನ್ನು ಮಗುಚುತ್ತಾರೆ, ಇಲ್ಲವೇ ತಿರುಗಿಸುತ್ತಾರೆ. ಬಾಣ ಕಾಣದಿದ್ದರೆ ಮಗುಚಿದ್ದಾರೆ, ಬಾಣ ಕೆಳಗೆ ನೋಡಿದರೆ ತಿರುಗಿಸಿದ್ದಾರೆ. "ಟೀಚರೇ, ಇದು ಕೂರುವುದಿಲ್ಲ" ಎಂದಾಗ ನಾನು ಚಿತ್ರ ನೋಡುವುದೇ ಇಲ್ಲ, ಬಾಣ ನೋಡುತ್ತೇನೆ.

ಟೇಪ್ ಹಚ್ಚುವಾಗ ಅಂಚಿಗೆ ಅಂಚು. ಒಂದರ ಮೇಲೊಂದು ಏರಿಸಿ ಅಂಟಿಸಿದರೆ ಎರಡು ಮಿಲಿಮೀಟರ್ ಹೋಯಿತು, ನಾಲ್ಕನೇ ಸಾಲಿಗೆ ಬರುವಾಗ ಅದೇ ದೊಡ್ಡ ಸಂದಿ. ಗಮ್ಮಂತೂ ಬೇಡ, ರಟ್ಟು ಬಾಗುತ್ತದೆ. ಎಡ ಬದಿಯನ್ನೂ ಕತ್ತರಿಸಿ ಬಲಕ್ಕೆ ಜಾರಿಸಬಹುದು, ಆದರೆ ಅದು ಎರಡನೇ ದಿನಕ್ಕಿರಲಿ.

ಎ4 ಹಾಳೆಯಲ್ಲಿ ಅಚ್ಚನ್ನಿಟ್ಟು ಸುತ್ತ ಗೆರೆ ಎಳೆದು, ಜಾರಿಸಿ, ಮತ್ತೆ ಎಳೆಯಿರಿ. ಅಡ್ಡ 3, ಉದ್ದ 4 ಆರಾಮವಾಗಿ ಹಿಡಿಯುತ್ತದೆ. ಮೊಬೈಲ್ ಆ್ಯಪ್ ಇದನ್ನು ಕ್ಷಣದಲ್ಲಿ ಮಾಡಿಕೊಡುತ್ತದೆ, ಮಗು ಏನೂ ಕಲಿಯುವುದಿಲ್ಲ.

ಮೀನು ಮಾಡೋಣ ಎಂದು ಮೊದಲೇ ಹೇಳಬೇಡಿ. ಡಚ್ ಕಲಾವಿದ ಎಶರ್ ಕೂಡ ಸ್ಪೇನಿನ ಅಲಹಂಬ್ರಾ ಅರಮನೆಗೆ 1922ರಲ್ಲೂ 1936ರಲ್ಲೂ ಹೋಗಿ ಅಲ್ಲಿನ ಗೋಡೆಗಳ ಜ್ಯಾಮಿತಿ ವಿನ್ಯಾಸ ನೋಡಿದವರು, ಹಕ್ಕಿ ಮೀನುಗಳ ಅವರ ಹೆಸರಾಂತ ಚಿತ್ರಗಳು ಹೆಚ್ಚಿನವು ಬಂದದ್ದು ಆ ಎರಡನೇ ಭೇಟಿಯ ನಂತರ. ಕತ್ತರಿಸಿದ ಮೇಲೆ ಏನು ಕಾಣುತ್ತದೋ ಅದು. ನನ್ನ ಕ್ಲಾಸಿನಲ್ಲಿ ಒಬ್ಬನ ಅಚ್ಚನ್ನು ಎಲ್ಲರೂ ಗುಡ್ಡ ಎಂದರು. ಅವನು ಹಾಳೆಯನ್ನೇ ಬುಡಮೇಲು ಮಾಡಿ ಕಣ್ಣು ಬರೆದ. ಹಾಳೆ ತುಂಬ ಯಕ್ಷಗಾನದ ಬಣ್ಣದ ವೇಷಗಳು, ಒಟ್ಟು 12, ಮೀಸೆ ಸಮೇತ.