ಇಂಗ್ಲಿಷ್ ಪದಕ್ಕೆ ಪ್ರತ್ಯಯ ಹಚ್ಚುವ ಮುಂಚೆ ಜಾಗ ನೋಡಿ

ಪಿಯುಸಿ ಮಕ್ಕಳ ಉತ್ತರವಿರಲಿ, ಆಫೀಸಿನ ಮೇಲ್ ಇರಲಿ, ಇಂಗ್ಲಿಷ್ ಪದದ ರೂಪ ತಪ್ಪುವುದು ಹೆಚ್ಚಾಗಿ ಒಂದೇ ಕಡೆ: ವಾಕ್ಯದಲ್ಲಿ ಖಾಲಿ ಇರುವ ಜಾಗ ಯಾರದ್ದು ಎಂದು ನೋಡದೆ ಪ್ರತ್ಯಯ ಅಂಟಿಸಿಬಿಡುತ್ತೇವೆ. ಕನ್ನಡದಲ್ಲಿ ‘ಅವನ ಮೇಲೆ ನಂಬು ಇಲ್ಲ’ ಅಂತ ಯಾರೂ ಅನ್ನುವುದಿಲ್ಲ. ‘ನಂಬಿಕೆ’ ತಾನಾಗಿಯೇ ಬರುತ್ತದೆ. ಅದೇ ಕಿವಿ ಇಂಗ್ಲಿಷಿಗೂ ಬೇಕು.

‘ಡಿಸೈಡ್’ ತಗೊಳ್ಳಿ. ‘ವಿಲ್’, ‘ಕ್ಯಾನ್’ ಆದಮೇಲೆ ಕ್ರಿಯಾಪದ: ‘ವಿಲ್ ಡಿಸೈಡ್’. ‘ಹಿಸ್’, ‘ದಿ’ ಆದಮೇಲೆ ನಾಮಪದ: ‘ಹಿಸ್ ಡಿಸಿಷನ್’. ಆದರೆ ಆ ‘ದಿ’ ಮತ್ತು ನಾಮಪದದ ನಡುವೆ ಜಾಗ ಖಾಲಿ ಇದ್ದರೆ ಅದು ಗುಣವಾಚಕದ್ದು: ‘ದಿ ಡಿಸೈಸಿವ್ ಮ್ಯಾಚ್’. ಕೆಲಸ ಹೇಗಾಯಿತು ಎಂದು ಹೇಳಬೇಕಾದರೆ ಕ್ರಿಯಾವಿಶೇಷಣ: ‘ಡಿಸೈಸಿವ್‌ಲಿ’.

ಯಾವ ಕ್ರಿಯಾಪದಕ್ಕೆ ‘ಮೆಂಟ್’, ಯಾವುದಕ್ಕೆ ‘ಷನ್’ ಎಂಬುದಕ್ಕೆ ಪೂರ್ತಿ ನಿಯಮವಿಲ್ಲ, ಪದದ ಜೊತೆಗೇ ಕಲಿಯಬೇಕು. ಕೆಲವು ಜೋಡಿಗಳನ್ನು ಮಾತ್ರ ಬಹುಮಟ್ಟಿಗೆ ನಂಬಬಹುದು. ‘ಐಝ್’ ಪ್ರತ್ಯಯದ ಕ್ರಿಯಾಪದ ಸಾಮಾನ್ಯವಾಗಿ ‘ಐಝೇಷನ್’ ಆಗುತ್ತದೆ, ‘ಇಫೈ’ ಇದ್ದದ್ದು ‘ಇಫಿಕೇಷನ್’. ‘ಏಬಲ್’ ಇದ್ದರೆ ‘ಬಿಲಿಟಿ’; ‘ಫುಲ್’, ‘ಲೆಸ್’ ಇದ್ದರೆ ‘ನೆಸ್’.

‘ಲಿ’ ಕಂಡ ಕೂಡಲೇ ಕ್ರಿಯಾವಿಶೇಷಣ ಅನ್ನಬೇಡಿ. ‘ಕ್ವಿಕ್’ ಗುಣವಾಚಕ, ಹಾಗಾಗಿ ‘ಕ್ವಿಕ್ಲಿ’ ಕ್ರಿಯಾವಿಶೇಷಣ. ‘ಫ್ರೆಂಡ್’ ನಾಮಪದ, ಹಾಗಾಗಿ ‘ಫ್ರೆಂಡ್ಲಿ’ ಗುಣವಾಚಕ. ‘ಹಾರ್ಡ್ಲಿ’ ಇನ್ನೂ ಅಪಾಯ: ‘ಹೀ ವರ್ಕ್ಸ್ ಹಾರ್ಡ್ಲಿ’ ಎಂದು ಬರೆದರೆ ಕಷ್ಟಪಟ್ಟು ದುಡಿಯುವವನನ್ನೇ ಕೆಲಸಗಳ್ಳ ಮಾಡಿದಂತೆ. ಅಲ್ಲಿ ‘ಹಾರ್ಡ್’ ಸಾಕು.

ಪದದ ಮುಂದೆ ಸೇರುವ ‘ಅನ್’, ‘ರೀ’, ‘ಡಿಸ್’ ಸಾಮಾನ್ಯವಾಗಿ ಅರ್ಥವನ್ನಷ್ಟೇ ಬದಲಿಸುತ್ತವೆ. ‘ಎನ್’ ಹಾಗಲ್ಲ, ಪದದ ಜಾತಿಯನ್ನೇ ಬದಲಿಸುತ್ತದೆ: ‘ರಿಚ್’ ಗುಣವಾಚಕ, ‘ಎನ್ರಿಚ್’ ಕ್ರಿಯಾಪದ. ‘ಪಿ’, ‘ಬಿ’ ಅಕ್ಷರಗಳ ಮುಂದೆ ಅದೇ ‘ಎಮ್’ ಆಗುತ್ತದೆ: ‘ಪವರ್’, ‘ಎಂಪವರ್’.

ಇನ್ನು ಸ್ಪೆಲಿಂಗ್. ಕೊನೆಯ ಮೌನ ‘ಇ’ ಅಕ್ಷರ ಸ್ವರದ ಮುಂದೆ ಬಿದ್ದುಹೋಗುತ್ತದೆ (‘ಯೂಸಬಲ್’), ವ್ಯಂಜನದ ಮುಂದೆ ಉಳಿಯುತ್ತದೆ (‘ಹೋಪ್‌ಫುಲ್’). ‘ಚೇಂಜಬಲ್’, ‘ನೋಟಿಸಬಲ್’ ಪದಗಳಲ್ಲಿ ಆ ‘ಇ’ ತೆಗೆದರೆ ‘ಜ’ ಹೋಗಿ ‘ಗ’, ‘ಸ’ ಹೋಗಿ ‘ಕ’ ಕೇಳಿಸೀತು. ಅದಕ್ಕೇ ಅಲ್ಲಿ ಉಳಿಸುತ್ತಾರೆ. ‘ಟ್ರೂಲಿ’, ‘ಆರ್ಗ್ಯುಮೆಂಟ್’ ನಿಯಮ ಮೀರಿ ‘ಇ’ ಕಳಕೊಂಡ ಪದಗಳು. ವ್ಯಂಜನದ ನಂತರದ ‘ವೈ’, ‘ಹ್ಯಾಪಿನೆಸ್’ನಲ್ಲಿ ಆದಂತೆ, ಸಾಮಾನ್ಯವಾಗಿ ‘ಐ’ ಆಗುತ್ತದೆ. ಸ್ವರದ ನಂತರ ಇದ್ದರೆ, ‘ಎಂಜಾಯ್‌ಮೆಂಟ್’ನಂತೆ, ಹೆಚ್ಚಾಗಿ ಕದಲುವುದಿಲ್ಲ.

ಕೆಲವೊಮ್ಮೆ ಮೂಲಪದವೇ ಒಳಗೆ ಕರಗುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ನೋಟಿಸ್ ಬೋರ್ಡುಗಳಲ್ಲಿ ತಿಂಗಳ ಶುಲ್ಕದ ಹೆಸರು ನೋಡಿ: ‘ಮೇಂಟೇನ್’ ಪೂರ್ತಿ ಬರೆದು ‘ಅನ್ಸ್’ ಸೇರಿಸಿರುವುದು ಆಗಾಗ ಕಣ್ಣಿಗೆ ಬೀಳುತ್ತದೆ. ಸರಿಯಾದ ರೂಪವಾದ ‘ಮೇಂಟೆನನ್ಸ್’ನಲ್ಲಿ ‘ಟಿ’ ಆದಮೇಲೆ ‘ಎ-ಐ’ ಇಲ್ಲ, ಒಂದೇ ಒಂದು ‘ಇ’. ‘ಪ್ರೊನೌನ್ಸ್’ ಕೂಡ ‘ಪ್ರನನ್ಸಿಯೇಷನ್’ ಆಗುವಾಗ ನಡುವಿನ ‘ಒ-ಯು’ ಜೋಡಿಯಿಂದ ‘ಒ’ ಬಿಟ್ಟುಕೊಡುತ್ತದೆ. ಇಂಥವನ್ನು ಬಾಯಲ್ಲಿ ಹೇಳಿಕೊಂಡು ಬರೆಯಿರಿ. ಉಚ್ಚಾರದಲ್ಲಿ ‘ನೌ’ ಇಲ್ಲದಿದ್ದರೆ ಬರವಣಿಗೆಯಲ್ಲೂ ಇಲ್ಲ.