ಏಡಿ ಬಿಡಿಸುವುದು ಹೇಗೆ? (ತಟ್ಟೆಯಲ್ಲಲ್ಲ, ಹಾಳೆಯಲ್ಲಿ)

ಕಾರವಾರದ ಮಕ್ಕಳಿಗೆ ಏಡಿ ಹೊಸದಲ್ಲ. ಸಂಜೆ ಟ್ಯಾಗೋರ್ ಕಡಲತೀರದಲ್ಲಿ ಅದನ್ನು ಅಟ್ಟಿಸಿಕೊಂಡು ಓಡುತ್ತಾರೆ, ಮನೆಯಲ್ಲಿ ಕುರ್ಲಿ (ಏಡಿ) ಸಾರು ಮಾಡಿದ ದಿನ ಕಾಲು ಚೀಪುತ್ತಾರೆ. ಆದರೆ ಪೆನ್ಸಿಲ್ ಕೊಟ್ಟು ಕೂರಿಸಿ ನೋಡಿ! ಒಂದು ಚಿತ್ರ ಸ್ಪರ್ಧೆಯಲ್ಲಿ ಹಾಳೆ ಜೋಡಿಸುವ ಕೆಲಸ ನನಗೆ ಬಿದ್ದಿತ್ತು. ಆರು ಕಾಲಿನ ಏಡಿ, ಹನ್ನೆರಡು ಕಾಲಿನ ಏಡಿ, ಆಲೂಗಡ್ಡೆಗೆ ಕಡ್ಡಿ ಚುಚ್ಚಿದಂಥ ಏಡಿ, ಎಲ್ಲ ಬಂದಿದ್ದವು. ಸರಿಯಾಗಿದ್ದದ್ದು ಎರಡೇ.

ಮೈ ಸುಲಭ. ಅಡ್ಡಕ್ಕೆ ಒಂದು ಮೊಟ್ಟೆಯಾಕಾರ ಎಳೆಯಿರಿ. ಅಗಲ 8 ಸೆಂಟಿಮೀಟರ್ ಇದ್ದರೆ ಎತ್ತರ 4 ಸಾಕು. ಮೇಲಂಚಿನ ನಡುವೆ ಎರಡು ಗಿಡ್ಡ ಕಡ್ಡಿ, ತುದಿಗೆ ಎರಡು ಸೊನ್ನೆ. ಕಣ್ಣು ಮುಗಿಯಿತು. ಪೆನ್ಸಿಲ್ ಒತ್ತಬೇಡಿ, ಆಮೇಲೆ ಅಳಿಸುವುದಿದೆ.

ಕಚ್ಚುವ ಕೈಗೆ ಎರಡು ಆಕಾರ: ತೋಳಿಗೆ ಉದ್ದನೆಯ ಬಾಳೆಕಾಯಿ, ಅದರ ತುದಿಗೆ ಒಂದು ಮಾವಿನಕಾಯಿ. ಮಾವಿನಕಾಯಿಯ ಚೂಪು ತುದಿಯಲ್ಲಿ ಬಾಯಿ ಸೀಳಿದರೆ ಎರಡು ಬೆರಳಾಗುತ್ತವೆ. ಅದರಲ್ಲಿ ಆಡುವುದು ಒಂದೇ, ಇನ್ನೊಂದು ಅಂಗೈಗೇ ಸೇರಿದ್ದು. ಹಾಗಾಗಿ ಒಳಬದಿಯ ಬೆರಳಿನ ಬುಡಕ್ಕೆ ಮಾತ್ರ ಸಣ್ಣ ಗೆರೆ ಹಾಕಿ. ತೋಳು ಬಿಟ್ಟು ಕೈಯನ್ನು ನೇರ ಮೈಗೆ ಅಂಟಿಸುವವರು ಜಾಸ್ತಿ. ಬಾಕ್ಸಿಂಗ್ ಗ್ಲೌಸ್ ಹಾಕಿದ ಹಾಗೆ ಕಾಣುತ್ತದೆ.

ಈಗ ಕಾಲು. ಎಲ್ಲರೂ ಎಡವುವುದು ಇಲ್ಲೇ. ಏಡಿಗೆ ಒಟ್ಟು 10 ಕಾಲು, ಅದರಲ್ಲಿ ಮುಂದಿನ ಎರಡು ಕೈಯಾಗಿವೆ. ಉಳಿದದ್ದು 8, ಅಂದರೆ ಪಕ್ಕಕ್ಕೆ ನಾಲ್ಕು. ಗೆರೆಗೆ ಮೊದಲು ಚುಕ್ಕೆ ಇಡಿ, ರಂಗೋಲಿಗೆ ಇಡುತ್ತೇವಲ್ಲ, ಹಾಗೆ. ಮೊಟ್ಟೆಯ ಕೆಳ ಅರ್ಧದ ಅಂಚಿನಲ್ಲಿ ಆಚೆ ನಾಲ್ಕು, ಈಚೆ ನಾಲ್ಕು, ಒತ್ತೊತ್ತಾಗಿ. ಇದು ಬುಡ. ಅಲ್ಲಿಂದ ಹೊರಗೆ ಬೀಸಣಿಗೆ ಬಿಚ್ಚಿದಂತೆ ಮೊಣಕಾಲಿನ ನಾಲ್ಕು ಚುಕ್ಕೆ. ಮೊದಲನೆಯದು ಸ್ವಲ್ಪ ಮುಂದಕ್ಕೆ, ಎರಡನೆಯದು ನೇರ ಪಕ್ಕಕ್ಕೆ, ಉಳಿದೆರಡು ಹಿಂದಕ್ಕೆ. ಈಗ ಬುಡದಿಂದ ಮೊಣಕಾಲಿಗೆ ದಪ್ಪ ತುಂಡು, ಅಲ್ಲಿಂದ ಹಿಂದಕ್ಕೆ ಬಾಗಿ ಸಪೂರ ತುಂಡು, ಕೊನೆಗೆ ಮುಳ್ಳಿನಂಥ ತುದಿ. ಕಾಲಿಗೆ ಮೂರು ತುಂಡು ಅಂತ ನೆನಪಿಟ್ಟರೆ ಸಾಕು.

ನನ್ನ ಅಕ್ಕನ ಮಗಳು ಎಂಟೂ ಕಾಲನ್ನು ನಾಯಿಯ ಹಾಗೆ ಹೊಟ್ಟೆಯ ಕೆಳಗೆ ಇಳಿಬಿಟ್ಟಿದ್ದಳು. "ಹೀಗಿದ್ದರೆ ಇದು ಅಡ್ಡ ಹೇಗೆ ಓಡುತ್ತೆ ಪುಟ್ಟಿ?" ಅಂದೆ. ಏಡಿಯ ಕಾಲಿನ ಗಂಟು ಮಡಚುವುದೇ ಪಕ್ಕಕ್ಕೆ, ಅದಕ್ಕೇ ಅಡ್ಡ ನಡಿಗೆ. ಅವಳು ರಬ್ಬರ್ ತಗೊಂಡಳು.

ಸಮುದ್ರದಲ್ಲಿ ಈಜುವ ಏಡಿಯಾದರೆ ಕೊನೆಯ ಜೋಡಿಗೆ ಮುಳ್ಳು ಬೇಡ, ದೋಣಿಯ ಹುಟ್ಟಿನಂಥ ಚಪ್ಪಟೆ ತುದಿ ಹಾಕಿ. ಅದು ಈಜುವ ಕಾಲು. ಮರಳಲ್ಲಿ ಬಿಲ ತೋಡುವ ಏಡಿಗೆ ಹುಟ್ಟು ಇಲ್ಲ. ಅನುಮಾನವಿದ್ದರೆ ಮೀನು ಮಾರ್ಕೆಟ್ಟಿಗೆ ಹೋಗಿ, ಮಾರುವ ಹೆಂಗಸಿಗೆ "ಬಾಯೀ, ಒಮ್ಮೆ ತಿರುಗಿಸಿ ತೋರಿಸಿ" ಅನ್ನಿ. ಕೊಳ್ಳದಿದ್ದರೆ ಬೈಗುಳ ಗ್ಯಾರಂಟಿ.

ಎರಡು ಅಂಗೈ ಇಟ್ಟು ಸುತ್ತ ಗೆರೆ ಎಳೆಯುವ ಶಾರ್ಟ್‌ಕಟ್ ಒಂದಿದೆ. ಎಂಟು ಬೆರಳು, ಎಂಟು ಕಾಲು, ಹೆಬ್ಬೆರಳು ಕಣ್ಣು. ಲೆಕ್ಕ ಸರಿ, ಆದರೆ ಕಚ್ಚುವ ಕೈ ಎಲ್ಲಿ ಹೋಯಿತು? ಎಲ್‌ಕೆಜಿ ದಾಟಿದವರಿಗೆ ಬೇಡ.

ಚುಕ್ಕೆ ಅಳಿಸಲು ಬಿಳಿ ರಬ್ಬರೇ ಬೇಕು. ಸ್ಟ್ರಾಬೆರಿ ವಾಸನೆಯ ಬಣ್ಣದ ರಬ್ಬರ್ ಹಾಳೆ ತುಂಬ ಮಸಿ ಬಳಿಯುತ್ತದೆ. ಪೆನ್ನಿನಲ್ಲಿ ತಿದ್ದಿದ್ದರೆ ಮೊದಲು ಒಣಗಲಿ.

ಇನ್ನು ಬಣ್ಣ. ಎಲ್ಲರ ಕೈಯೂ ಕೆಂಪು ಕ್ರೇಯಾನಿಗೇ ಹೋಗುತ್ತದೆ. ನಮ್ಮ ಮಾರ್ಕೆಟ್ಟಿನ ಹೆಚ್ಚಿನ ಏಡಿ ಕೆಂಪಾಗುವುದು ಬೆಂದ ಮೇಲೆ. ಜೀವ ಇರುವ ಏಡಿಗೆ ಬೂದು, ಪಾಚಿಹಸಿರು ಬೆರೆಸಿ. ಬೆನ್ನ ಹಿಂಭಾಗದಲ್ಲಿ ಸಾಲಾಗಿ ಮೂರು ಕಡುಗೆಂಪು ಚುಕ್ಕೆ ಇಟ್ಟರೆ ಅದು ಮೂರು ಚುಕ್ಕೆಯ ಏಡಿ. ಕೆಂಪು ಕ್ರೇಯಾನಿಗೆ ಅಷ್ಟೇ ಕೆಲಸ.